ಎಡಗಡೆಯ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಬಲಗಡೆಯದು ಕಲಿಯುವವರ ಕಾಲಿಗೆ, ಎಡಗಡೆಯದು ಕಲಿಸುವವನ ಕಾಲಿಗೆ. ಎರಡನ್ನೂ ಕೆಳಗೆ ಒಂದು ಕಬ್ಬಿಣದ ಸರಳು ಜೋಡಿಸಿರುತ್ತದೆ. ಒಂದನ್ನು ಒತ್ತಿದರೆ ಇನ್ನೊಂದೂ ತಾನಾಗಿ ಕೆಳಗೆ ಹೋಗುತ್ತದೆ. ಇಷ್ಟನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಮೂವತ್ತೆರಡು ವರ್ಷ ಸೋಲಾಪುರದ ರಸ್ತೆಗಳಲ್ಲಿ ಎಡಗಡೆಯ ಸೀಟಿನಲ್ಲಿ ಕೂತು ನಾನು ಮಾಡಿದ ದೊಡ್ಡ ತಪ್ಪು ಆ ಸರಳಿನ ಹತ್ತಿರವೇ ಇದೆ.

ನಮ್ಮ ಹಳೆಯ ಸ್ಕೂಲಿಗೆ ಈಗ ಇಬ್ಬರು ಹೊಸ ಮಾಸ್ತರರು ಸೇರಿದ್ದಾರಂತೆ. ಮೊನ್ನೆ ಅವರಲ್ಲೊಬ್ಬ ಅಕ್ಕಲಕೋಟೆಯ ನನ್ನ ಮನೆಯವರೆಗೂ ಬಂದು, "ಕಾಕಾ, ನಿಮ್ಮ ಅನುಭವ ಸ್ವಲ್ಪ ಲಿಹೂನ್ ಕೊಡ್ರಿ" ಎಂದ. ಬರೆದುಕೊಡಿ ಎಂದು ಮರಾಠಿಯಲ್ಲೇ ಕೇಳಿದ ಹುಡುಗ ಕನ್ನಡ ಓದುವಾಗ ಅಕ್ಷರ ಕೂಡಿಸಿಕೊಳ್ಳುತ್ತಾನೆ. ಆದರೂ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗೆ ಸಿಟ್ಟು, ನಗು, ನಾಚಿಕೆ ಮೂರೂ ಬರುವುದು ಕನ್ನಡದಲ್ಲೇ. ಓದಲು ಆಗದಿದ್ದರೆ ಮನೆಯಲ್ಲಿರುವ ಅಜ್ಜಿಯ ಕೈಲಿ ಓದಿಸಿಕೊಳ್ಳಲಿ, ಅಜ್ಜಿಯ ಜೊತೆ ಕೂತಂತೆಯೂ ಆಗುತ್ತದೆ.

ನನ್ನ ಊರು ವಾಗದರಿ. ಗಾಡಿ ಕಲಿತದ್ದು ಬಾಬುಮಿಯಾ ಎಂಬ ಲಾರಿ ಉಸ್ತಾದರ ಕೈಯಲ್ಲಿ. ಆ ಮನುಷ್ಯ ಮೊದಲ ಎರಡು ತಿಂಗಳು ನನ್ನನ್ನು ಸ್ಟೇರಿಂಗಿನ ಹತ್ತಿರ ಸುಳಿಯಗೊಡಲಿಲ್ಲ. ಮುಂಜಾನೆ ಅಕ್ಕಲಕೋಟೆ ನಾಕಾದ ಹತ್ತಿರ ರಸ್ತೆಯ ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ದೂರದಲ್ಲಿ ಲಾರಿ ಕಂಡರೆ, "ಈಗ ದಾಟಬಹುದಾ, ಬಾರದಾ? ಹೇಳು" ಎನ್ನುತ್ತಿದ್ದರು. ದಾಟಬಹುದು ಎಂದರೆ, ಲಾರಿ ನಮ್ಮ ಮುಂದೆ ಹಾಯುವವರೆಗೆ ಬಾಯಲ್ಲೇ ಎಣಿಸಿ, "ನೀ ಸತ್ತಿ ನೋಡ ಮಗನ, ಅರ್ಧ ರಸ್ತಾದಾಗ ಸತ್ತಿ" ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲವಾದರೂ ನಾನು ಆ ನಾಕಾದಲ್ಲಿ ಸಾಯುತ್ತಿದ್ದೆ. ಎರಡು ತಿಂಗಳಾದ ಮೇಲೆ ಬರುವ ಗಾಡಿಯ ವೇಗ ನನಗೆ ನೋಡಿದ ಕೂಡಲೇ ತಿಳಿಯುವಂತಾಯಿತು. ಅದಾದ ಮೇಲೆಯೇ ಸ್ಟೇರಿಂಗ್ ಕೊಟ್ಟರು.

ಮುಂದೆ ನಾನೇ ಮಾಸ್ತರನಾದಾಗ ಇದನ್ನು ಯಾರಿಗೂ ಕಲಿಸಲಿಲ್ಲ. ಕಲಿಸುವಷ್ಟು ದಿನವೇ ಇರಲಿಲ್ಲ. ನಮ್ಮ ಸ್ಕೂಲಿನ ಮಾಲೀಕರನ್ನು ಎಲ್ಲರೂ ಅಣ್ಣಾ ಎನ್ನುತ್ತಿದ್ದರು. ಒಳ್ಳೆಯವರು, ಬಾಯಿ ಸ್ವಲ್ಪ ಜೋರು. ಇಪ್ಪತ್ತು ದಿನ, ದಿನಕ್ಕೆ ಅರ್ಧ ತಾಸು, ಆಮೇಲೆ ಪರೀಕ್ಷೆ, ಇದು ಅವರ ಲೆಕ್ಕ. "ಲೈಸನ್ಸ್ ಕೈಗಿ ಬಂತಂದ್ರ ನಮ್ಮ ಜಬಾಬ್ದಾರಿ ಮುಗೀತು ಮಾಸ್ತರ್. ಮದುವಿ ಮಾಡಿ ಕೊಟ್ಟ ಮ್ಯಾಲ ಅಕ್ಷತಾ ಹಾಕಿದ ಭಟ್ಟ ಬೀಗರ ಮನಿಗಿ ಹೋಗತಾನೇನು?" ಎನ್ನುತ್ತಿದ್ದರು. ಮಾತು ಕೇಳಿ ನಗುತ್ತಿದ್ದೆ. ನಾನೂ ಹಾಗೇ ನಂಬಿದ್ದೆ.

ಆಗಿನ ಕಲಿಸುವಿಕೆಯೇ ಬೇರೆ ಇತ್ತು. ಕಿಟಕಿಯಿಂದ ಕೈ ಹೊರಗೆ ಹಾಕಿ ಸಿಗ್ನಲ್ ತೋರಿಸುವುದನ್ನು ಒಂದು ವಾರ ಕಲಿಸುತ್ತಿದ್ದೆವು. ಸ್ಟೇರಿಂಗ್ ತಿರುವಲು ಗಟ್ಟಿ ತೋಳು ಬೇಕಾಗಿತ್ತು. ಈಗ ಎಲ್ಲ ಬೆರಳಿನಲ್ಲಿ ತಿರುಗುತ್ತದೆ. ಗಾಡಿ ಹಗುರವಾದಷ್ಟೂ ಹೊಸಬರಿಗೆ ತಮಗೆ ಬೇಗ ಬಂತು ಎನಿಸುತ್ತದೆ. ಮೂರನೇ ದಿನಕ್ಕೇ ಒಂದು ಕೈ ಬಿಟ್ಟು ಕೂದಲು ಸವರಿಕೊಳ್ಳುವವರನ್ನು ನಾನು ನೋಡಿದ್ದೇನೆ. ಅಂಥವರ ಪಕ್ಕದಲ್ಲಿ ಕೂತಾಗ ಮಾಸ್ತರನ ಕಾಲು ತಾನಾಗಿ ಎಡಗಡೆಯ ಬ್ರೇಕಿನ ಮೇಲೆ ಹೋಗುತ್ತದೆ. ಹೋಗಲೇಬೇಕು. ಆದರೆ ವರ್ಷಗಟ್ಟಲೆ ಅಲ್ಲೇ ಇಟ್ಟ ಕಾಲು ಯಾರನ್ನೂ ಕೇಳದೆ ಕೆಲಸ ಮಾಡತೊಡಗುತ್ತದೆ. ಮುಂದೆ ಎಮ್ಮೆ ಅಡ್ಡ ಬಂದರೆ ಕಲಿಯುವವನಿಗಿಂತ ಅರ್ಧ ಕ್ಷಣ ಮೊದಲೇ ಒತ್ತಿರುತ್ತದೆ. ನನಗೇ ಗೊತ್ತಾಗುತ್ತಿರಲಿಲ್ಲ.

ಓಂಕಾರ ಎಂಬ ಹುಡುಗ ನನ್ನ ಹತ್ತಿರ ಬಂದದ್ದು ನಾನು ನಿವೃತ್ತನಾಗುವುದಕ್ಕೆ ಎಂಟು ವರ್ಷ ಮೊದಲು. ಸೋಲಾಪುರದ ಚಾದರ ವ್ಯಾಪಾರದ ಮನೆತನ, ಲಿಂಗಾಯತರು, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಹತ್ತೊಂಬತ್ತು ವರ್ಷದ, ಮಾತು ಕಡಿಮೆಯ ಹುಡುಗ. ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದ. ಇಷ್ಟು ನಯವಾಗಿ ನಿಲ್ಲಿಸುವ ವಿದ್ಯಾರ್ಥಿಯನ್ನು ನಾನು ನೋಡಿಯೇ ಇಲ್ಲ ಎಂದು ಅವನ ಅಪ್ಪನ ಎದುರಿಗೇ ಹೊಗಳಿದ್ದೆ. ಪರೀಕ್ಷೆಯಲ್ಲಿ ಒಂದೇ ಏಟಿಗೆ ಪಾಸಾದ. ಪೇಢೆ ತಂದು ಕೊಟ್ಟ, ಕಾಲಿಗೆ ಬಿದ್ದ. ನಾನು ಹರಸಿದೆ, ಇನ್ನೊಂದು ಪೇಢೆ ತೆಗೆದುಕೊಂಡೆ.

ಲೈಸನ್ಸ್ ಬಂದ ಮೂರನೇ ದಿನ ಅವನು ಅಜ್ಜಿಯನ್ನು ಮನೆಯ ಕಾರಿನಲ್ಲಿ ಕೂರಿಸಿಕೊಂಡು ಗುಡಿಗೆ ಹೊರಟಿದ್ದ. ಓಣಿಯ ತಿರುವಿನಲ್ಲಿ ಬಾಳೆಹಣ್ಣಿನ ತಳ್ಳುಗಾಡಿ ಅಡ್ಡ ಬಂತು. ಕಾರು ನಿಲ್ಲಲಿಲ್ಲ. ಅವನು ಸ್ಟೇರಿಂಗ್ ಎಳೆದು ಗಾಡಿಯವನನ್ನು ಉಳಿಸಿದ, ಕಾರು ಹೋಗಿ ಲೈಟಿನ ಕಂಬಕ್ಕೆ ಬಡಿಯಿತು. ಅಜ್ಜಿಯ ಸೊಂಟದ ಎಲುಬು ಮುರಿಯಿತು.

ಸುದ್ದಿ ಕೇಳಿ ನಾನು ದವಾಖಾನೆಗೆ ಓಡಿದೆ. ಓಂಕಾರ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತು ಒಂದೇ ಮಾತು ಹೇಳಿದ.

"ಕಾಕಾ, ನಾ ಬ್ರೇಕ್ ಒತ್ತಿದ್ದೆ."

ಅವನ ಅಪ್ಪ ಅಲ್ಲೇ ಇದ್ದರು. "ಒತ್ತಿದ್ದರ ಗಾಡಿ ಯಾಕ ನಿಂದರಲಿಲ್ಲ? ಸುಳ್ಳ ಹೇಳಬ್ಯಾಡ. ಗಮನ ಎಲ್ಲೋ ಇತ್ತು ನಿಂದು" ಎಂದವರೇ ನನ್ನ ಕಡೆ ತಿರುಗಿ, "ನಿಮ್ಮದೇನೂ ತಪ್ಪಿಲ್ಲ ಮಾಸ್ತರ್. ನೀವು ಛಲೋ ಕಲಿಸಿದ್ರಿ" ಎಂದರು. ನಾನು ಹುಡುಗನ ಹೆಗಲು ತಟ್ಟಿ ಮನೆಗೆ ಬಂದೆ. ಹೊಸಬ, ಹೆದರಿರಬೇಕು, ಕಾಲು ಎಲ್ಲೋ ಜಾರಿರಬೇಕು ಎಂದುಕೊಂಡೆ. ಓಂಕಾರ ಅಂದೇ ಕಾರಿನ ಚಾವಿ ಅಪ್ಪನ ಕೈಗೆ ಕೊಟ್ಟನಂತೆ. ಆಮೇಲೆ ಮುಟ್ಟಲಿಲ್ಲ.

ಒಂದು ತಿಂಗಳಾದ ಮೇಲೆ ಸ್ಕೂಲಿನ ಕಾರು ರಿಪೇರಿಗೆ ಹೋಯಿತು. ನಮ್ಮ ಮೇಸ್ತ್ರಿ ಸಲೀಮ ಕೆಳಗೆ ಬಗ್ಗಿದವನು ನಗುತ್ತ ನನ್ನನ್ನು ಕರೆದ.

"ಮಾಸ್ತರ್, ಇಲ್ಲಿ ಬರ್ರಿ, ಮಜಾ ನೋಡ್ರಿ. ಗಾಡಿ ಹೊಡಿಯಾವ್ರು ಯಾರು? ಹುಡುಗ್ರಾ, ನೀವಾ?"

ಬಗ್ಗಿ ನೋಡಿದೆ. ಕಲಿಯುವವರ ಬ್ರೇಕಿನ ರಬ್ಬರಿನ ಮೇಲೆ ಗೆರೆಗಳು ಇನ್ನೂ ಹೊಸದರಂತೆ ಎದ್ದು ಕಾಣುತ್ತಿದ್ದವು. ನನ್ನ ಕಡೆಯ ರಬ್ಬರು ಸವೆದು ನುಣ್ಣಗಾಗಿ, ಒಂದು ಮೂಲೆಯಲ್ಲಿ ಕಬ್ಬಿಣ ಹೊರಗೆ ಬಂದಿತ್ತು. ಎರಡೂ ಒಂದೇ ದಿನ ಹಾಕಿಸಿದ ರಬ್ಬರು.

ಆ ಗ್ಯಾರೇಜಿನ ಹಳೆಯ ಟಾಯರಿನ ಮೇಲೆ ಕೂತು ಲೆಕ್ಕ ಹಾಕಿದೆ. ನಾನು ನನ್ನ ಬ್ರೇಕು ಒತ್ತಿದಾಗ ಹುಡುಗನ ಪೆಡಲೂ ಕೆಳಗೆ ಹೋಗುತ್ತದೆ. ಅದರ ಮೇಲೆ ಸುಮ್ಮನೆ ಕಾಲಿಟ್ಟವನಿಗೆ ತಾನೇ ಒತ್ತಿದೆ, ಇಷ್ಟು ಒತ್ತಿದರೆ ಸಾಕು ಎನಿಸುತ್ತದೆ. ಇಪ್ಪತ್ತು ದಿನ ಓಂಕಾರ ಅಷ್ಟು ನಯವಾಗಿ ನಿಲ್ಲಿಸುತ್ತಿದ್ದನಲ್ಲ, ನಿಲ್ಲಿಸುತ್ತಿದ್ದವನು ನಾನು. ಮನೆಯ ಕಾರಿನಲ್ಲಿ ನಾನು ಇರಲಿಲ್ಲ.

ಅಣ್ಣಾನ ಮುಂದೆ ಹೋಗಿ ಹೇಳಿದೆ, ಆ ಮನೆಗೆ ಹೋಗಿ ನಿಜ ತಿಳಿಸುತ್ತೇನೆ ಎಂದೆ. ಅವರು ಬಾಗಿಲು ಮುಚ್ಚಿಕೊಂಡು ಬಂದು ಕೂತರು. "ಮಾಸ್ತರ್, ಆದದ್ದ ಆಗಿ ಹೋಯ್ತು. ಮುದುಕಿ ಅರಾಮ ಆಗತಾಳ. ನೀವು ಬಾಯಿ ಬಿಟ್ಟರ ನಾಳಿ ಸ್ಕೂಲಿಗಿ ಕೀಲಿ. ಎಂಟ ಮಂದಿ ಹೊಟ್ಟಿ ನೋಡ್ರಿ" ಎಂದರು. ನಾನು ಎಂಟು ಮಂದಿಯ ಹೊಟ್ಟೆ ನೋಡಿ ಸುಮ್ಮನಾದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಹೆಸರು ನೋಡಿಕೊಂಡು ಸುಮ್ಮನಾದೆ.

ಹೇಳಲಾಗದ್ದಕ್ಕೆ ಕಲಿಸುವ ರೀತಿಯನ್ನಾದರೂ ಬದಲಿಸಿಕೊಂಡೆ. ಇದನ್ನು ನೀವು ಚೆನ್ನಾಗಿ ಓದಿಕೊಳ್ಳಿ. ಎಡಗಡೆಯ ಬ್ರೇಕು ಒತ್ತಿದಾಗಲೆಲ್ಲ ಗಟ್ಟಿಯಾಗಿ "ನಂದು" ಎನ್ನಬೇಕು. ಕಲಿಯುವವರು ಒತ್ತಿ ನಿಲ್ಲಿಸಿದರೆ ಅವರು "ನಂದು" ಎನ್ನಬೇಕು. ಯಾರು ನಿಲ್ಲಿಸಿದರು ಎಂಬುದು ಆ ಕ್ಷಣದಲ್ಲೇ ಇಬ್ಬರಿಗೂ ಗೊತ್ತಾಗಬೇಕು. ಕೊನೆಯ ವಾರ, ಊರ ಹೊರಗಿನ ಖಾಲಿ ರಸ್ತೆಯಲ್ಲಿ, ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆ. ಮೊದಲ ವಾರವೇ ಹಾಗೆ ಕೂತೀರಿ ಜೋಕೆ, ಇಬ್ಬರೂ ಹೋಗುತ್ತೀರಿ. ಇಡೀ ದಿನದಲ್ಲಿ ನನ್ನ ಬಾಯಿಂದ ಒಂದೂ "ನಂದು" ಬಾರದ ದಿನ ಪರೀಕ್ಷೆಗೆ ಕಳಿಸುತ್ತಿದ್ದೆ. ಕೆಲವರಿಗೆ ಇದು ಅವಮಾನವೆನಿಸಿತು. ಒಬ್ಬ ವಕೀಲರು ಅರ್ಧಕ್ಕೇ ಬಿಟ್ಟು ಬೇರೆ ಸ್ಕೂಲಿಗೆ ಹೋದರು. ಅಣ್ಣಾ ತಲೆ ಚಚ್ಚಿಕೊಂಡರು, ಆದರೆ ನನ್ನನ್ನು ತಡೆಯಲಿಲ್ಲ. ಒಳಗೊಳಗೆ ಅವರಿಗೂ ಕಂಬಕ್ಕೆ ಬಡಿದ ಆ ಕಾರು ಕಾಣುತ್ತಿತ್ತೇನೋ.

ನನ್ನ ಕೊನೆಯ ವಿದ್ಯಾರ್ಥಿನಿ ಕರಜಗಿಯ ರೇಣುಕಾ. ಸೋಲಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜು ಮುಗಿಸಿದ ಹುಡುಗಿ, ಇಪ್ಪತ್ತು ವರ್ಷ. ಅಪ್ಪ ಅಮೋಗಸಿದ್ಧ ಕುರಿ ಸಾಕುವವನು. ಅಕ್ಕಲಕೋಟೆಯ ಬಜಾರಿಗೆ ಮರಿ ಸಾಗಿಸಲು ಒಂದು ಸಣ್ಣ ಪಿಕ್‌ಅಪ್ ಗಾಡಿ ತೆಗೆದುಕೊಂಡಿದ್ದ. ಅವನಿಗೆ ಗಾಡಿ ಬಾರದು, ಮನೆಯಲ್ಲಿ ಕಲಿತವಳು ಮಗಳೊಬ್ಬಳೇ. ಹುಡುಗಿಯ ಬಾಯಿ ಚುರುಕು. ಎರಡನೇ ದಿನವೇ ನನ್ನ "ನಂದು" ಕೇಳಿ, "ಕಾಕಾ, ಎಲ್ಲಾ ನಿಮ್ಮದ ಆದ್ರ ನನಗೇನ ಉಳೀತು?" ಎಂದಿದ್ದಳು. ಹದಿನೆಂಟನೇ ದಿನಕ್ಕೆ ಎಲ್ಲವೂ ಅವಳದೇ ಆಯಿತು. ಅವಳಿಗೆ ಲೈಸನ್ಸ್ ಬಂದ ತಿಂಗಳೇ ನಾನು ನಿವೃತ್ತನಾಗಿ ಅಕ್ಕಲಕೋಟೆಗೆ ಬಂದೆ.

ಒಂದು ದಿನ ಅಮೋಗಸಿದ್ಧ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನನ್ನ ಮನೆಗೆ ಬಂದ.

"ಮಾಸ್ತರ್, ಐತ್ವಾರ ಗಾಡಿ ಪೂಜಾ ಐತಿ. ಬೀರೋಬಾಗ ಹೊಂಟೀವಿ. ನೀವೂ ಬರ್ರಿ. ಗಾಡಿ ಮಗಳ ಹೊಡಿತಾಳ."

"ಯಾರ್ಯಾರು ಹೊಂಟೀರಿ?"

"ಮನಿ ಮಂದಿ ಅಷ್ಟ. ಹದಿನೆಂಟ ಆಗತೇವಿ."

"ಹದಿನೆಂಟ ಮಂದಿ ಆ ಗಾಡಿ ಹಿಂದ?"

"ಹೊಸಾ ಗಾಡಿ ಮೊದಲ ದೇವರಿಗಿ ಹೋಗಬೇಕಲ್ರಿ. ಮಂದಿನ್ನ ಬಿಟ್ಟ ಹೋದ್ರ ಬೀರೋಬಾ ಏನಂದಾನು?"

ಆಕೆ ಹೊಸ ಡ್ರೈವರ್, ಮಂದಿ ತುಂಬಿದ ಗಾಡಿ ಖಾಲಿ ಗಾಡಿಯಂತೆ ನಿಲ್ಲುವುದಿಲ್ಲ, ಸರಕಿನ ಗಾಡಿಯ ಹಿಂದೆ ಮಂದಿ ಕೂರಿಸುವಂತೆಯೇ ಇಲ್ಲ ಎಂದೆಲ್ಲ ಹೇಳಿದೆ. ಅವನು ಹೌದು ಹೌದು ಎಂದು ತಲೆ ಆಡಿಸುತ್ತಲೇ ಇದ್ದ. ಹೌದೆನ್ನುವವನು ಒಪ್ಪಿದ್ದಾನೆ ಎಂದಲ್ಲ, ಇದು ನಮ್ಮ ಕಡೆಯ ಪದ್ಧತಿ. ನನಗೆ ಓಂಕಾರನ ಅಜ್ಜಿ ನೆನಪಾದರು. ಇಲ್ಲಿ ಹದಿನೆಂಟು ಜನ. ನಿವೃತ್ತನಾದವನಿಗೆ ಇದೆಲ್ಲ ಯಾಕೆ ಎಂದು ಅಣ್ಣಾ ಅಂದಂತಾಯಿತು. ಚಹಾ ಕೊಟ್ಟು ಬೇರೆ ದಾರಿ ಹಿಡಿದೆ.

"ಅಮೋಗಸಿದ್ಧ, ನೀ ಮೊದಲ ಸಲ ಒಬ್ಬನ ಕುರಿ ಹೊಡಕೊಂಡ ಹ್ವಾದಾಗ ನಿಮ್ಮಪ್ಪ ಎಷ್ಟ ಕುರಿ ಕೊಟ್ಟಿದ್ದ?"

ಅವನ ಮುಖ ಅರಳಿತು. "ಹತ್ತರಿ. ಅದೂ ಮರಿ ಅಲ್ಲ, ದೊಡ್ಡವು. ಮರಿ ದಿಕ್ಕ ತಪ್ಪತಾವು."

"ಎಲ್ಲಿಗಿ ಕಳಿಸಿದ್ದ?"

"ಮನಿ ಹಿಂದಿನ ಮಾಳಕ್ಕ. ಅಪ್ಪ ಕಟ್ಟಿ ಮ್ಯಾಲ ಕೂತ ನೋಡತಿದ್ದ. ಮಾತಾಡತಿದ್ದಿಲ್ಲ, ಬರೇ ನೋಡತಿದ್ದ."

"ಡಾಂಬರ ರಸ್ತಾ ಯಾವಾಗ ದಾಟಿಸಿದಿ?"

"ಮರು ವರ್ಷರಿ. ಅಪ್ಪ ಮುಂದ, ನಾ ಹಿಂದ."

"ಹೊತ್ತ ಮುಳುಗಿದ ಮ್ಯಾಲ ಕುರಿ ದಾಟಸ್ತಿದ್ದಿಯೇನು?"

"ಏ, ಹೊಸಬನ ಕೈಯಾಗ ಯಾರ ಕೊಡ್ತಾರ್ರಿ…" ಎಂದು ಶುರುಮಾಡಿದವನು ಮಾತು ನಿಲ್ಲಿಸಿದ. ಚಹಾದ ಬಸಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ, "ಅಂದ್ರ ನಮ್ಮ ರೇಣುಕಾ ಇನ್ನಾ ಹತ್ತ ಕುರಿ ಹುಡುಗಿ ಅಂತೀರಿ" ಎಂದ.

"ನಾ ಅನ್ನಲಿಲ್ಲಪ. ನೀನ ಅಂದಿ."

ಆ ಭಾನುವಾರ ಗಾಡಿಯಲ್ಲಿ ಮಗಳು, ಅಪ್ಪ ಇಬ್ಬರೇ ಬೀರೋಬಾನಿಗೆ ಹೋದರು. ಉಳಿದವರು ಎಸ್‌ಟಿ ಬಸ್ಸಿನಲ್ಲಿ ಗೊಣಗುತ್ತ ಹೋದರು. ಗಾಡಿಯ ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಎಲ್ಲ ಶಾಸ್ತ್ರ ಆಯಿತು. ದೇವರು ಸಿಟ್ಟಾದ ಸುದ್ದಿ ಬರಲಿಲ್ಲ, ಅಮೋಗಸಿದ್ಧನ ಅಣ್ಣ ಮಾಳಪ್ಪ ಮಾತ್ರ ಸಿಟ್ಟಾದ.

ಮೂರು ತಿಂಗಳಿಗೆ ಕರಾರು ಮಾಡಿದೆವು. ಹೊತ್ತು ಮುಳುಗುವುದರೊಳಗೆ ಗಾಡಿ ಮನೆಯಲ್ಲಿರಬೇಕು. ಹಿಂದೆ ಮಂದಿ ಹತ್ತಬಾರದು. ಮೊಬೈಲು ಬುತ್ತಿಯ ಚೀಲದಲ್ಲಿರಬೇಕು. ವಾರಕ್ಕೆ ಎರಡು ದಿನ ನಾನು ಪಕ್ಕದಲ್ಲಿ ಕೂರಬೇಕು. ಮೊದಲ ದಿನ ಅವಳನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಬರುವ ಲಾರಿ ತೋರಿಸಿ, "ಈಗ ದಾಟಬಹುದಾ?" ಎಂದು ಕೇಳಿದೆ. ಬಾಬುಮಿಯಾ ತೀರಿಕೊಂಡು ಬಹಳ ವರ್ಷವಾಗಿತ್ತು, ಅವರ ಪಾಠ ನನ್ನ ಬಾಯಿಗೆ ಬಂದದ್ದು ಆಗ.

ರೇಣುಕಾಳ ಗಾಡಿಗೆ ಒಂದೇ ಬ್ರೇಕು. ಮೊದಲ ವಾರ ನನ್ನ ಬಲಗಾಲು ಬರೀ ತಗಡನ್ನು ಒತ್ತಿ ಒತ್ತಿ ಮೀನಖಂಡ ಹಿಡಿದುಕೊಂಡಿತು. ಅವಳು ನೋಡಿ ನಗುತ್ತಿದ್ದಳು. ಆಮೇಲೆ ಬೆಲ್ಟು ಕಟ್ಟಿಕೊಂಡು ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡೆ.

ಹೊಸಬರಿಗೆ ಅಪಾಯ ಎಲ್ಲಿಂದ ಬರುತ್ತದೆ ಎಂದು ಈ ಮೂರು ತಿಂಗಳಲ್ಲಿ ಹತ್ತಿರದಿಂದ ನೋಡಿದೆ. ಒಂದು, ಅಪ್ಪನ ಫೋನು. ಮಗಳು ಹೊರಟ ಹತ್ತು ನಿಮಿಷಕ್ಕೇ, "ಎಲ್ಲಿದ್ದಿ? ಸಾವಕಾಶ ಹೊಡಿಯಾಕತ್ತಿಯಿಲ್ಲ?" ಎಂದು ಕೇಳಲು ಫೋನು ಮಾಡುವನು. ಸಾವಕಾಶ ಹೋಗು ಎನ್ನಲು ಮಾಡಿದ ಫೋನನ್ನು ಬುತ್ತಿಯ ಚೀಲದಿಂದ ತೆಗೆಯಲು ಹೋಗಿ ಒಂದು ಸಲ ಗಾಡಿ ರಸ್ತೆಯಿಂದ ಕೆಳಗಿಳಿದಿತ್ತು. ಅಮೋಗಸಿದ್ಧನನ್ನು ಕೂರಿಸಿ ಬೈದೆ. "ಕಾಳಜಿ ಇದ್ರ ಫೋನ್ ಮಾಡಬ್ಯಾಡ. ಮುಟ್ಟಿದ ಮ್ಯಾಲ ಆಕಿನ ಮಾಡತಾಳ" ಎಂದೆ. ಪಾಪ, ಅವನು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಕುರಿಯ ಹಿಂದೆ ಹೋಗತೊಡಗಿದ. ಇನ್ನೊಂದು ಅಪಾಯ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರ್ ಎಳೆಯುತ್ತ ಹಿಂದೆ ಕೆಂಪು ದೀಪವಿಲ್ಲದೆ ಹೋಗುವ ಅದನ್ನು ದಾಟಲು ಎಲ್ಲರಿಗೂ ಅವಸರ. ಅದರ ಹಿಂದೆ ಎರಡು ಮೈಲಿ ತಾಳ್ಮೆಯಿಂದ ಹೋಗಲು ಕಲಿತ ದಿನ ನಾನು ಅವಳಿಗೆ ಶೇಂಗಾ ಹೋಳಿಗೆ ಕೊಡಿಸಿದೆ.

ಮೂರನೇ ಅಪಾಯ ನಂಟರು. ಅದನ್ನು ನಾನು ಮೊದಲು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕರಾರಿನ ಕೊನೆಯ ವಾರ ಮೈಂದರ್ಗಿಯಲ್ಲಿ ಅವರ ಬೀಗರ ಮನೆಗೆ ಹಿಂಡಿಯ ಚೀಲ ಇಳಿಸಿ, ಖಾಲಿ ಗಾಡಿಯಲ್ಲಿ ಅಕ್ಕಲಕೋಟೆಗೆ ಹೊರಟಿದ್ದೆವು. ಅಂದು ಅಕ್ಕಲಕೋಟೆಯಲ್ಲಿ ಅವರ ಪೈಕಿ ಒಬ್ಬ ಬಸುರಿಯ ಕುಬಸದ ಶಾಸ್ತ್ರ ಇತ್ತು. ಬಸ್ ಸ್ಟ್ಯಾಂಡಿನ ಹತ್ತಿರ ರೇಣುಕಾಳ ದೊಡ್ಡಪ್ಪ ಮಾಳಪ್ಪ ಕೈ ಅಡ್ಡ ಹಾಕಿದ. ಹಿಂದೆ ಹೊಸ ಸೀರೆ ಉಟ್ಟ ಹೆಂಗಸರು, ಕೈಯಲ್ಲಿ ಉಡಿ ತುಂಬುವ ತಟ್ಟೆ, ಚಿಳ್ಳೆಪಿಳ್ಳೆ ಹುಡುಗರು, ಎಲ್ಲ ಸೇರಿ ಹನ್ನೆರಡು ಮಂದಿ. ನಾವು ಮಾತಾಡುವುದರೊಳಗೆ ಅರ್ಧ ಮಂದಿ ಹಿಂದೆ ಹತ್ತಿ ಕೂತೇಬಿಟ್ಟರು.

"ಛಲೋ ಆತು ಬಂದಿ. ಬಸ್ ತಡಾ ಐತಿ. ನಡಿ ಮಗಳ" ಎಂದ ಮಾಳಪ್ಪ.

ನನ್ನ ಬಾಯಿಗೆ ಮಾತು ಬಂದಿತ್ತು. ಮಾಳಪ್ಪ ನನಗಿಂತ ಸಣ್ಣವನು, ಮಾಸ್ತರ ಎಂದರೆ ಮರ್ಯಾದೆ ಕೊಡುವವನು. ನಾನು ಒಂದು ಮಾತು ಗದರಿಸಿದ್ದರೆ ಎಲ್ಲರೂ ಇಳಿಯುತ್ತಿದ್ದರು. ತುಟಿಯವರೆಗೆ ಬಂದ ಮಾತನ್ನು ಅಲ್ಲೇ ತಡೆದೆ. ನಾನು ಈಗ ಮಾತಾಡಿದರೆ ಮತ್ತೆ ಎಡಗಡೆಯಿಂದಲೇ ಬ್ರೇಕು ಒತ್ತಿದಂತೆ. ಮುಂದಿನ ವಾರ ನಾನು ಈ ಸೀಟಿನಲ್ಲಿ ಇರುವುದಿಲ್ಲ, ದೊಡ್ಡಪ್ಪ ಇರುತ್ತಾನೆ, ಕುಬಸ ಮದುವೆಗಳೂ ಇರುತ್ತವೆ. ಮಡಚಿದ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತೆ. ಅವಳು ಗಾಡಿ ಬಿಟ್ಟಿದ್ದರೆ ಏನು ಮಾಡುತ್ತಿದ್ದೆ? ಗೊತ್ತಿಲ್ಲ.

ರೇಣುಕಾ ಒಂದು ಸಲ ನನ್ನ ಮುಖ ನೋಡಿದಳು. ನಾನು ಮುಂದಿನ ಗಾಜು ನೋಡಿದೆ. ಅವಳು ಗಾಡಿ ಬಂದ್ ಮಾಡಿದಳು, ಚಾವಿ ತೆಗೆದು ಮುಷ್ಟಿಯಲ್ಲಿ ಹಿಡಿದು ಕೆಳಗಿಳಿದಳು.

"ದೊಡ್ಡಪ್ಪ, ನಾ ಒಯ್ಯಂಗಿಲ್ರಿ."

"ಯಾಕ? ಗಾಡಿ ಖಾಲಿನ ಹೊಂಟೈತಲ."

"ನನಗಿನ್ನಾ ಇಷ್ಟ ಮಂದಿನ್ನ ಹೊತಗೊಂಡ ನಿಂದರ್ಸಾಕ ಬರಂಗಿಲ್ಲ."

"ಹೊಡಿಯಾಕ ಬರತೈತಿ, ನಿಂದರ್ಸಾಕ ಬರಂಗಿಲ್ಲಂದ್ರ? ಮಂದಿ ಮುಂದ ಮಾನಾ ತಗಿಬ್ಯಾಡ. ಸಣ್ಣಾಕಿ ನೀ."

"ಸಣ್ಣಾಕಿ ಅಂತನ ಹೇಳಾಕತ್ತೀನ್ರಿ."

ಹೆಂಗಸರಲ್ಲಿ ಯಾರೋ, "ಕಲತ ಹುಡುಗ್ಯಾರ ಸೊಕ್ಕ ನೋಡ್ರೆ" ಎಂದರು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು, ಆದರೆ ಮುಷ್ಟಿ ಬಿಚ್ಚಲಿಲ್ಲ. ಹಿಂದಿನ ಬಾಗಿಲು ತೆರೆದು, ಒಬ್ಬೊಬ್ಬರ ಕೈ ಹಿಡಿದು ಇಳಿಸಿದಳು. ತಟ್ಟೆಗಳನ್ನು ತಾನೇ ಇಳಿಸಿಕೊಂಡು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಅಷ್ಟಕ್ಕೇ ಹೊರಡಲಿಲ್ಲ. ಬಸ್ಸು ಬರುವವರೆಗೆ ಮುಕ್ಕಾಲು ತಾಸು ಅವರ ಜೊತೆಗೇ ನಿಂತು, ಬೈಸಿಕೊಂಡು, ಬಸ್ಸು ಬಂದಾಗ ಮೊದಲು ಹತ್ತಿ ದೊಡ್ಡಮ್ಮನಿಗೆ ಸೀಟು ಹಿಡಿದು ಕೊಟ್ಟು ಇಳಿದಳು. ಮಾಳಪ್ಪ ಬಸ್ಸಿನ ಕಿಟಕಿಯಿಂದ ಅವಳ ಕಡೆ ನೋಡಲಿಲ್ಲ.

ಅಕ್ಕಲಕೋಟೆ ಮುಟ್ಟಿದೆವು. ನನ್ನ ಮನೆಯ ಮುಂದೆ ಗಾಡಿ ನಿಲ್ಲಿಸಿ ಅವಳು ಕೇಳಿದಳು.

"ಕಾಕಾ, ನೀವ ಯಾಕ ಒಂದ ಮಾತೂ ಆಡಲಿಲ್ಲ? ನೀವ ಹೇಳಿದ್ರ ದೊಡ್ಡಪ್ಪ ಕೇಳತಿದ್ದ. ನಾ ಒಬ್ಬಾಕಿನ ಬೈಸ್ಕೊಂಡೆ."

ಅವಳಿಗೆ ಉತ್ತರ ಕೊಡಬೇಕಾಗಿತ್ತು. ಓಂಕಾರನ ಕಥೆ ಹೇಳಿದೆ. ಕಂಬ, ಅಜ್ಜಿ, ದವಾಖಾನೆಯ ಬೆಂಚು, ಸವೆದ ರಬ್ಬರು, ಎಲ್ಲವನ್ನೂ ಹೇಳಿದೆ. ಎಂಟು ವರ್ಷದಲ್ಲಿ ಅಣ್ಣಾನನ್ನು ಬಿಟ್ಟು ಬೇರೆಯವರಿಗೆ ಹೇಳಿದ್ದು ಅದೇ ಮೊದಲು. ಅವಳು ಕೇಳಿಸಿಕೊಂಡು, ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡೇ, ಸಾದಾ ಮಾತಿನಲ್ಲಿ ಕೇಳಿದಳು.

"ಆ ಹುಡುಗಗ ಇದು ಗೊತ್ತೈತೇನ್ರಿ?"

ನಾನು ಗಾಡಿಯಿಂದ ಇಳಿದೆ. ಇಳಿದು ಬಾಗಿಲು ಹಾಕಿದೆ.

ಮರುದಿನ ಮುಂಜಾನೆಯ ಬಸ್ಸಿಗೆ ಸೋಲಾಪುರಕ್ಕೆ ಹೋದೆ. ಚಾದರ ಅಂಗಡಿಯ ಗಾದಿಯ ಮೇಲೆ ಓಂಕಾರ ಕೂತಿದ್ದ. ಗಡ್ಡ ಬಿಟ್ಟಿದ್ದ, ಮೈ ತುಂಬಿದ್ದ. ಗುರುತು ಹಿಡಿದು ಎದ್ದು, "ಬರ್ರಿ ಕಾಕಾ, ಕೂಡ್ರಿ" ಎಂದು ಮತ್ತೆ ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ. ನಿಂತುಕೊಂಡೇ ಹೇಳಿದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ, ಅದರಲ್ಲಿ ಒಂದೂ ನೆನಪಾಗಲಿಲ್ಲ.

"ಓಂಕಾರ, ಆ ಇಪ್ಪತ್ತು ದಿನ ಕಾರ್ ನಿಂದರಿಸಿದ್ದು ನೀ ಅಲ್ಲಪ. ನಾ. ನನ್ನ ಕಾಲು. ನಿನಗ ಬ್ರೇಕ್ ಒತ್ತೂದು ನಾ ಕಲಿಸಲೇ ಇಲ್ಲ. ಅಜ್ಜಿ ಬಿದ್ದ ತಿಂಗಳಿಗೇ ನನಗ ಗೊತ್ತಾಗಿತ್ತು. ಹೇಳಲಿಲ್ಲ."

ಅವನು ಗಾದಿಯ ಮೇಲಿದ್ದ ಒಂದು ಚಾದರ ತೆಗೆದುಕೊಂಡು ಮಡಚತೊಡಗಿದ. ಅಂಚಿಗೆ ಅಂಚು ಕೂಡಿಸಿ, ಸರಿಯಾಗದೆ, ಬಿಚ್ಚಿ ಮತ್ತೆ ಮಡಚಿದ.

"ನಾ ಒತ್ತಿದ್ದೆ ಕಾಕಾ," ಎಂದ ಕೊನೆಗೆ. "ನಿಮ್ಮ ಕಾರಿನಾಗ ಎಷ್ಟ ಒತ್ತತಿದ್ದೆನೋ ಅಷ್ಟ ಒತ್ತಿದ್ದೆ."

"ಹೌದು. ನೀ ಒತ್ತಿದ್ದಿ."

"ಮನಿಯಾಗ ಯಾರೂ ನಂಬಲಿಲ್ರಿ. ಅಜ್ಜಿ ಒಬ್ಬಾಕಿ ನಂಬಿದ್ಲು. ಬಡಿಗಿ ಊರಕೊಂಡ ಅಡ್ಡಾಡೂವಾಗ ಬಂದವರಿಗೆಲ್ಲ ಹೇಳತಿದ್ಲು, ನನ್ನ ಮೊಮ್ಮಗ ಒತ್ತಿದ್ದ, ನಾ ಬಾಜೂಕ ಕೂತ ನೋಡೇನಿ ಅಂತ. ನನ್ನ ಸಮಾಧಾನಕ್ಕ ಹೇಳತಾಳ ಅನಕೊಂಡಿದ್ದೆ. ಕಡೀಕಡೀಗಿ ನನಗ ನನ್ನ ಮ್ಯಾಲ ನಂಬಿಕಿ ಉಳಿದಿದ್ದಿಲ್ಲ."

"ಅಜ್ಜಿ ಅದಾರೇನಪ?"

"ಹೋಗಿ ಎರಡ ವರ್ಷ ಆತ್ರಿ."

ಚಹಾ ತರಿಸಿದ. ಬೇಡ ಎನ್ನುವ ಮುಖ ನನಗಿರಲಿಲ್ಲ, ಕುಡಿದೆ. ಅವನು ನನ್ನನ್ನು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಗಿರಾಕಿ ಬಂದರು. ನಾನು ಎದ್ದೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ, "ಕಾಕಾ, ಸಾವಕಾಶ ಇಳೀರಿ" ಎಂದ.

ಇಷ್ಟೇ ನನ್ನ ಅನುಭವ. ಬಾಕಿಯದೆಲ್ಲ, ಕ್ಲಚ್ಚು ಗೇರು, ನಿಮಗೆ ಯಾರಾದರೂ ಕಲಿಸುತ್ತಾರೆ. ರೇಣುಕಾ ಈಗ ಒಬ್ಬಳೇ ಬಜಾರಿಗೆ ಬರುತ್ತಾಳೆ, ಮುಟ್ಟಿದ ಮೇಲೆ ಅಪ್ಪನಿಗೆ ಫೋನು ಮಾಡುತ್ತಾಳೆ. ನೀವು ಎಡಗಡೆಯ ಬ್ರೇಕು ಒತ್ತಿದಾಗ ಬಾಯಿಬಿಟ್ಟು "ನಂದು" ಎನ್ನಿ, ಆ ದಿನವೇ, ಕಾರಿನಿಂದ ಇಳಿಯುವ ಮೊದಲೇ. ನಾನು ಅದನ್ನು ಹೇಳಲು ಹೋದಾಗ ಅಜ್ಜಿ ಇರಲಿಲ್ಲ.